ಗುಹೆಯ ಗೋಡೆಯ ಎರಡು ಗೆರೆ

ಗುಹೆ ದೇಶವಿದೇಶಕ್ಕೆಲ್ಲ ಹೆಸರುವಾಸಿ. ರಾಜ ಅಡಗಿದ್ದ ಕಥೆ, ಕಳ್ಳರು ಚಿನ್ನ ಹೂತ ಕಥೆ, ಎಲ್ಲವನ್ನೂ ಗೈಡು ಗಿಣಿಪಾಠದಂತೆ ಒಪ್ಪಿಸುತ್ತಿದ್ದ. ಗೋಡೆ ತೊಳೆಯುವವಳ ಕಥೆ ಯಾರಿಗೆ ಬೇಕು? ಎಲ್ಲರ ಬಾಯಲ್ಲೂ ಅವಳು ‘ಉಜ್ಜೋ ಅಕ್ಕ’. ಬಂದವರು ಹೆಸರು ಗೀಚಬೇಕು, ಅವಳು ಅಳಿಸಬೇಕು. “ಇವರಪ್ಪನ ಮನೆ ಗೋಡೆ ನೋಡು!” ಎಂದು ಬೈಯುತ್ತಲೇ ಬ್ರಷ್ಷು ಆಡಿಸುವಳು. ಕಲೆ ಕಂಡರೆ ಅವಳಿಗೆ ಮೈಯೆಲ್ಲ ಉರಿ. ಮನೆಯಲ್ಲಿ ಮಗಳು ಗೋಡೆಗೆ ಒರಗುವಂತಿರಲಿಲ್ಲ. “ಒಂದಿನ ನನ್ನನ್ನೂ ಉಜ್ಜಿ ಅಳಿಸ್ತಾಳೆ” ಎಂದು ಗಂಡ ಗೊಣಗುತ್ತಿದ್ದ.

ಆ ವರ್ಷ ಬಹುಕಾಲದಿಂದ ಬೀಗ ಬಿದ್ದಿದ್ದ ಒಳಗುಹೆಯನ್ನು ತೆರೆದರು. ಜನ ಬರುವ ಮುಂಚೆ ಅವಳೇ ಒಳಹೊಕ್ಕು ಎಲ್ಲವನ್ನೂ ತಿಕ್ಕಿ ತೊಳೆದಳು. ಮೂಲೆಯಲ್ಲಿ ಇದ್ದಿಲಿನ ಗೆರೆಗಳಿದ್ದವು. ಅವೂ ಹೋದವು.

ಮೊದಲ ದಿನವೇ ಮಗನ ತೋಳು ಹಿಡಿದು ಒಬ್ಬ ಅಜ್ಜಿ ಬಂದರು. ನೇರ ಆ ಮೂಲೆಗೆ ಹೋಗಿ ಗೋಡೆ ತಡವಿದರು.

“ಇಲ್ಲೇ ಇತ್ತಲ್ಲಪ್ಪ! ಹೊಳೆ ಉಕ್ಕಿದಾಗ ಊರಿಗೆ ಊರೇ ಇಲ್ಲಿ ಬಂದು ಕೂತಿತ್ತು. ಅಳಬೇಡಿ ಅಂತ ಅಮ್ಮ ನನ್ನನ್ನೂ ತಮ್ಮನನ್ನೂ ಗೋಡೆಗೆ ನಿಲ್ಲಿಸಿ, ತಲೆ ಮಟ್ಟಕ್ಕೆ ಗೆರೆ ಎಳೆದಳು. ನೀರು ಇಳಿಯೋದ್ರೊಳಗೆ ತಮ್ಮ ಜ್ವರ ಬಂದು ಹೋಗ್ಬಿಟ್ಟ. ಅವನದ್ದು ಅಂತ ಒಂದು ಫೋಟೋನೂ ಇಲ್ಲ.”

“ಪ್ರವಾಹದ ಕಥೆ ನಾವು ಕೇಳೇ ಇಲ್ವಲ್ಲ ಅಜ್ಜಿ” ಎಂದ ಗೈಡು.

“ಚಿಕ್ಕವಳಿದ್ದೆ ಅಮ್ಮ, ಏನೋ ಕಲ್ಪಿಸ್ಕೊಂಡಿರ್ತೀಯ” ಎಂದ ಮಗ.

ಅಜ್ಜಿ ಕೈ ಕೆಳಗಿಳಿಸಿದರು. “ಇರ್ಬೋದಪ್ಪ. ವಯಸ್ಸಾಯ್ತಲ್ಲ, ಅರಳು ಮರಳು.”

ಬ್ರಷ್ಷು ಹಿಡಿದು ಪಕ್ಕದಲ್ಲೇ ನಿಂತಿದ್ದ ಉಜ್ಜೋ ಅಕ್ಕನಿಗೆ ಆ ಇದ್ದಿಲಿನ ಗೆರೆಗಳು ನೆನಪಾದವು. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಬಾಯಿಬಿಟ್ಟರೆ ಕೆಲಸಕ್ಕೇ ಕುತ್ತು. ಆದರೆ ತಾನು ಮಾಡಿದ ತಪ್ಪಿಗೆ ಆ ಮುದುಕಿ ತನ್ನ ನೆನಪನ್ನೇ ದೂರುವುದನ್ನು ನೋಡುತ್ತ ನಿಲ್ಲಲು ಅವಳಿಂದಾಗಲಿಲ್ಲ.

“ಇತ್ತಮ್ಮ. ನಿಮ್ಮ ಗೆರೆ ಇತ್ತು. ಯಾರೋ ಗೀಚಿದ್ದಾರೆ ಅಂತ ನಾನೇ ಅಳಿಸ್ಬಿಟ್ಟೆ. ನನ್ನ ಕೈ ಸೇದಿಹೋಗ!”

ಬೈಗುಳಕ್ಕೆ ಅವಳು ತಲೆತಗ್ಗಿಸಿ ಕಾದಳು. ಅಜ್ಜಿ ಬೈಯಲಿಲ್ಲ. ಮುಖ ಅರಳಿಸಿ ಅವಳ ಒದ್ದೆ ಕೈಗಳನ್ನು ಹಿಡಿದುಕೊಂಡರು.

“ನೀನು ನೋಡಿದ್ಯಾ ತಾಯಿ? ಹಾಗಾದ್ರೆ ಹೇಳು, ಆ ಚಿಕ್ಕ ಗೆರೆ ಎಷ್ಟೆತ್ತರಕ್ಕಿತ್ತು? ನನ್ನ ತಮ್ಮ ಎಷ್ಟುದ್ದ ಇದ್ದ?”

ಸೊಂಟದ ಮಟ್ಟಕ್ಕೆ ಕೈ ತೋರಿಸಿಬಿಡಲೇ ಎಂದು ಒಂದು ಗಳಿಗೆ ಅನಿಸಿತು. ನಾಲಿಗೆ ಒಪ್ಪಲಿಲ್ಲ.

“ನೋಡ್ಲಿಲ್ಲಮ್ಮ. ಉಜ್ಜಿದೆ ಅಷ್ಟೆ.”

ಅಜ್ಜಿ ಅವಳ ಕೈ ಬಿಟ್ಟರು. ಗೋಡೆಯ ಮೇಲೆ ಅಂಗೈ ಇಟ್ಟು ಸ್ವಲ್ಪ ಮೇಲಕ್ಕೆ ಸರಿಸಿದರು, ಮತ್ತೆ ಕೆಳಕ್ಕೆ ತಂದರು, ಮತ್ತೆ ಮೇಲಕ್ಕೆ.