ಬುಟ್ಟಿಯ ಎತ್ತರ

ನಾನು ಬುಟ್ಟಿಯಕ್ಕನನ್ನು ಮೊದಲು ಕಂಡ ದಿನ, ಆಕೆ ನೀರಿಲ್ಲದ ನಾಲೆಯಲ್ಲಿ ನಿಂತು ತನ್ನ ತಮ್ಮನ ನೀರಿಳಿಸುತ್ತಿದ್ದಳು. ಅದು ನೀರು ನಿಲ್ಲಿಸಿ ಹೂಳೆತ್ತುವ ಕಾಲ. ಎದೆಯಾಳದ ಆ ಕಿರುನಾಲೆಗೆ ಹೊಸದಾಗಿ ಸೋಲಾರ್ ಪ್ಯಾನೆಲ್‌ಗಳ ಚಾವಣಿ ಬಂದಿತ್ತು. ಅದನ್ನು ಹೊತ್ತ ಕಬ್ಬಿಣದ ಕಾಲುಗಳಿಗೆ ವೆಲ್ಡಿಂಗ್ ಮಾಡಿದವನು ಆ ತಮ್ಮನೇ.

ಚಾವಣಿಯ ಮೇಲೆ ಆಕೆಗೆ ಹಗೆಯೇನೂ ಇರಲಿಲ್ಲ. ಬಿಸಿಲು ಹೀರುತ್ತಿದ್ದ ನೀರು ಉಳಿಯುತ್ತದೆ, ನಾಲೆಯ ಕೊನೆಯ ಹೊಲಗಳಿಗೂ ಹರಿಯುತ್ತದೆ, ಜೊತೆಗೆ ಕರೆಂಟೂ ಸಿಗುತ್ತದೆ ಎಂದು ಹೂಳೆತ್ತುವ ಹೆಂಗಸರಿಗೆ ತಿಳಿಹೇಳಿದವಳೇ ಆಕೆ. "ನಮಗೂ ಪುಕ್ಕಟೆ ನೆರಳಾಯ್ತು ಬಿಡ್ರೇ" ಎಂದು ನಗಿಸಿದ್ದಳು ಕೂಡ. ಆದರೆ ಮೊದಲ ಬುಟ್ಟಿ ಕೆಸರನ್ನು ತಲೆಗೇರಿಸಿ ಹೆಜ್ಜೆಯಿಟ್ಟೊಡನೆ ಬುಟ್ಟಿ ಮೇಲಿನ ಕಬ್ಬಿಣಕ್ಕೆ ಬಡಿಯಿತು. ಕೆಸರೆಲ್ಲ ಮುಖದ ಮೇಲೆ ಇಳಿಯಿತು. ನಗು ಅಲ್ಲಿಗೇ ಮುಗಿಯಿತು.

ತಾನು ಒಳಗೆ ನಿಂತೇ ಅಳತೆ ನೋಡಿದ್ದಾಗಿಯೂ, ತಲೆ ತಾಗಲಿಲ್ಲವೆಂದೂ ತಮ್ಮ ಗೊಣಗಿದ.

"ಬರೀ ತಲೇಲಿ ನಿಂತ್ಯೇನೋ? ಈ ಬುಟ್ಟಿ ಹೊತ್ತು ತಾನೇ ನಿನ್ನ ಹೊಟ್ಟೆ ತುಂಬಿಸಿದ್ದು? ಇದೊಂದೇ ನಿನ್ನ ಕಣ್ಣಿಗೆ ಬೀಳಲಿಲ್ವಾ?"

ತಾಯಿಯಿಲ್ಲದ ಮನೆಯಲ್ಲಿ ಅವನನ್ನು ಬೆಳೆಸಿದವಳು ಈ ಅಕ್ಕ. ಸಂಜೆ ಆಕೆ ಬಾಗಿಲ ಬಳಿ ಬೋರಲು ಹಾಕುತ್ತಿದ್ದ ಬುಟ್ಟಿಯ ಮೇಲೆ ಕುಳಿತೇ ಅವನು ಮಗ್ಗಿ ಉರುಹೊಡೆದಿದ್ದ. ಈಗ ಅವನು ಕೈಯಲ್ಲಿದ್ದ ಕೆಲಸ ಬಿಟ್ಟ. ನೇರವಾಗಿ ಚಾವಣಿ ಕೆಲಸದ ಗುತ್ತಿಗೆದಾರನ ಬಳಿಗೆ ಹೋಗಿ, ಕಾಲುಗಳನ್ನು ಎತ್ತರಿಸಬೇಕೆಂದ. ನಕ್ಷೆಯಲ್ಲಿರುವುದೇ ಅಷ್ಟು, ಹೆಂಗಸರು ಬುಟ್ಟಿಯನ್ನು ಸೊಂಟದ ಮೇಲಿಟ್ಟುಕೊಳ್ಳಲಿ ಎಂಬ ಉತ್ತರ ಬಂತು.

ಅದು ಕಿವಿಗೆ ಬಿದ್ದದ್ದೇ ತಡ, ಅಕ್ಕ ತುಂಬಿದ ಬುಟ್ಟಿಯನ್ನು ತಂದು ಗುತ್ತಿಗೆದಾರನ ಹೊಳೆಯುವ ಬೂಟುಗಳ ಮುಂದೆ ಕುಕ್ಕಿದಳು.

"ಸೊಂಟ ನಿಮಗೂ ಇದೆಯಲ್ಲ, ಸಾಹೇಬ್ರೇ. ಎತ್ತಿ."

ಅವನು ಎತ್ತಲಿಲ್ಲ. ಹೆಂಗಸರು ಗುದ್ದಲಿಗಳನ್ನು ಕೆಳಗಿಟ್ಟು ದಡದ ಮೇಲೆ ಕುಳಿತರು. ತಮ್ಮನೂ ವೆಲ್ಡಿಂಗ್ ಕನ್ನಡಕ ಕಳಚಿ ಅವರ ಸಾಲಿಗೆ ಸೇರಿದ. ಹೂಳು ತೆಗೆಯದೆ ನೀರು ಬಿಡುವಂತಿಲ್ಲ; ತಡವಾದರೆ ರೈತರಿಗೆ ಉತ್ತರ ಕೊಡಬೇಕಾದವನು ಅವನೇ. ಕೊನೆಗೆ ಗುತ್ತಿಗೆದಾರ ಹಲ್ಲು ಕಡಿಯುತ್ತಲೇ ಒಪ್ಪಿದ: ಮುಂದಿನ ಭಾಗಕ್ಕೆಲ್ಲ ಎತ್ತರದ ಕಾಲು, ಮುಗಿದಿದ್ದ ಭಾಗವನ್ನು ನಾಲೆಯ ನೀರು ನಿಲ್ಲಿಸಿದಾಗಲೆಲ್ಲ ಸ್ವಲ್ಪ ಸ್ವಲ್ಪವಾಗಿ ಏರಿಸುವುದು.

ಆ ಕೆಲಸ ಈಗಲೂ ನಡೆದಿದೆ. ಆಕೆಯ ಸಿಟ್ಟೂ ಇಳಿದಿಲ್ಲ. ಕಾಲುಗಳಿಗೆ ತುಂಡು ಜೋಡಿಸಿದ ತಮ್ಮ, ಗಟ್ಟಿಯಾಗಿ ವೆಲ್ಡಿಂಗ್ ಮಾಡುವ ಮೊದಲು ಅಕ್ಕನನ್ನು ಕರೆಯುತ್ತಾನೆ. ಆಕೆ ತುಂಬಿದ ಬುಟ್ಟಿ ಹೊತ್ತು ಚಾವಣಿಯಡಿ ನೆಟ್ಟಗೆ ನಡೆಯುತ್ತಾಳೆ. ತಾಗದಿದ್ದರೆ ಮುಂದಿನ ಕಾಲಿನತ್ತ ಗದ್ದ ಎತ್ತಿ ತೋರಿಸುತ್ತಾಳೆ. ತಾಗಿತೋ, ಬೈಗುಳವೆಲ್ಲ ಮೊದಲಿನಿಂದ.