ಗುರುಸಿದ್ದನ ಮೈಮೇಲೆ ಯಾರೂ ಬಂದಿರಲಿಲ್ಲ

ಕುರ್ಡಿಯ ಗುರುಸಿದ್ದನಿಗೆ ನಲವತ್ತು ಹತ್ತಿರ ಬಂದಿತ್ತು. ಬುದ್ಧಿ ಮಾತ್ರ ಏಳೆಂಟರ ಹುಡುಗನದು. ಕುರಿ ಕಾಯುವುದರಲ್ಲಿ ಅವನಲ್ಲಿ ಯಾರೂ ತಪ್ಪು ತೆಗೆಯುವಂತಿರಲಿಲ್ಲ. ಆದರೆ ಪಟಾಕಿ ಹಾರಿದರೆ, ಯಾರಾದರೂ ಗದರಿದರೆ ಮುಗಿಯಿತು: ಉಸಿರುಗಟ್ಟಿ ಗೋಡೆಗೆ ತಲೆ ಜಜ್ಜಿಕೊಳ್ಳುತ್ತಿದ್ದ, ಹಿಡಿಯಲು ಹೋದವರ ಕೈ ಕಚ್ಚುತ್ತಿದ್ದ. ಅಣ್ಣ ಪ್ರಭುರಾಜನ ಬಳಿ ಇದಕ್ಕೆ ಒಂದೇ ಮದ್ದು, ಬಾರುಕೋಲು. ದಂಡಂ ದಶಗುಣಂ ಎಂದು ಊರೂ ತಲೆಯಾಡಿಸುತ್ತಿತ್ತು. ಹೊಡೆತ ತಿಂದವನು ಸುಮ್ಮನಾಗುತ್ತಿದ್ದುದು ಸುಸ್ತಾಗಿ ಎಂಬುದು ಆ ಜಾಣರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಇಬ್ಬರಿಗೂ ಹಿರಿಯಳಾದ ಅಕ್ಕ ಜಂಬಮ್ಮನಿಗೂ ಹೊಳೆದಿರಲಿಲ್ಲ. ಗಂಡ ಸತ್ತು ತವರಿಗೆ ಬಂದವಳು. ಹೊಡೆಯುವಾಗ ಗುರುಸಿದ್ದನ ಕಾಲು ಹಿಡಿಯುವ ಕೆಲಸ ಅವಳದೇ. ಒಮ್ಮೆ ಅವನ ಹಣೆ ಒಡೆದಾಗ ಹೊಲಿಗೆ ಹಾಕಿಸಲು ರಾಯಚೂರಿಗೆ ಕರೆದೊಯ್ದಳು. ಅಲ್ಲಿನ ಡಾಕ್ಟರು, ಇಂಥವರ ಅಂಜಿಕೆ ಬಿಡಿಸುವ ರಾಧಾ ಮೇಡಂ ಬಳಿ ಕಳಿಸಿದರು.

“ಗುರುಸಿದ್ದಪ್ಪ, ಕುರಿಮರಿ ಅಂಜಿದ್ರ ಏನ್ ಮಾಡ್ತೀರಿ?” ಎಂದು ರಾಧಾ ಕೇಳಿದಳು.

ಅವನನ್ನು ‘ರೀ’ ಹಚ್ಚಿ ಮಾತಾಡಿಸಿದವರೇ ಇರಲಿಲ್ಲ. ನಾಚಿಕೊಂಡು ಹೇಳಿದ: “ಕಂಬಳ್ಯಾಗ ಸುತ್ತಿ ಎದಿಗೆ ಹಿಡೀತೀನ್ರಿ. ಅಂಜಬ್ಯಾಡ ಕೂಸ, ನಾ ಅದೀನಿ ಅಂತೀನ್ರಿ.”

“ನಿಮಗ ಅಂಜಿಕಿ ಬಂದ್ರ ಯಾರು ಹಂಗ ಅಂತಾರ?”

ಅವನು ಅಕ್ಕನ ಮುಖ ನೋಡಿದ. ಅಕ್ಕ ನೆಲ ನೋಡಿದಳು.

“ಹಂಗಾದ್ರ ನಿಮಗ ನೀವ ಅಂದ್ಕೋರಿ” ಎಂದಳು ರಾಧಾ.

ವಾರ ವಾರ ಬಸ್ಸು ಹತ್ತಿ ಹೋಗಿ ಅದನ್ನೇ ಕಲಿತ. ಪ್ರಭುರಾಜ ಮಾತ್ರ, “ಇನ್ನೊಂದ್ ಸಲ ತಲಿ ಕೆಟ್ರ ದೊಡ್ಡ್ಯಾಗ ಸರಪಳಿ ಹಾಕಿ ಕಟ್ಟತೀನಿ, ನೋಡಕ್ಕ” ಎಂದುಬಿಟ್ಟ. ಸಾಯುವ ತನಕ ಗುರುಸಿದ್ದ ಕುರಿಗಳ ನಡುವೆ ಸರಪಳಿಯಲ್ಲಿ ಬಿದ್ದಿರುತ್ತಾನೆಂದು ಜಂಬಮ್ಮನಿಗೆ ಚಿಂತೆ ಹತ್ತಿತು.

ಒಂದು ಮಧ್ಯಾಹ್ನ ಮದುವೆಯ ಮೆರವಣಿಗೆ ಮನೆ ಮುಂದೆಯೇ ಪಟಾಕಿ ಸರ ಹಚ್ಚಿತು. ಗುರುಸಿದ್ದ ಗಡಗಡ ನಡುಗಿದ. ಆದರೆ ಗೋಡೆಯತ್ತ ಓಡಲಿಲ್ಲ. ಮೂಲೆಯಲ್ಲಿ ಕೂತು ಕಂಬಳಿ ಹೊದ್ದು, ಎದೆಗೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಮರಿ ರಮಿಸುವ ಸಣ್ಣ ದನಿಯಲ್ಲಿ, “ಅಂಜಬ್ಯಾಡ ಕೂಸ, ನಾ ಅದೀನಿ” ಎನ್ನತೊಡಗಿದ. ಜಂಬಮ್ಮನಿಗೆ ಸಂತೋಷಕ್ಕೆ ಅಳು ಬಂತು.

ಒಳಗೆ ಬಂದ ಪ್ರಭುರಾಜನಿಗೆ ಕಂಡದ್ದೇ ಬೇರೆ. ಕಣ್ಣು ಮುಚ್ಚಿ ಬೇರೆ ದನಿಯಲ್ಲಿ ಮಾತಾಡುವವರು ದೆವ್ವ ಮೆಟ್ಟಿದವರೇ ತಾನೇ! ದೆವ್ವ ತನ್ನ ಹೆಸರು ಹೇಳುವವರೆಗೂ ಬಡಿಯಬೇಕೆಂಬುದು ಹಿರಿಯರಿಂದ ಬಂದ ಕಟ್ಟಳೆ.

“ಯಾರಲೇ ನೀ? ಹೆಸರ ಹೇಳು!” ಬಾರುಕೋಲು ಬೆನ್ನಿಗೆ ಇಳಿಯಿತು.

“ಗುರುಸಿದ್ದ.”

“ಸುಳ್ಳ ಬೊಗಳ್ತಿ?” ಅಂಗಿಯ ಜೊತೆ ಚರ್ಮವೂ ಕಿತ್ತು ಬಂತು.

“ಗುರುಸಿದ್ದ ಯಣ್ಣಾ, ಗುರುಸಿದ್ದ!”

ಮುಂದಿನ ಏಟಿಗೆ ಕಿವಿ ಸೀಳಿ ರಕ್ತ ಹರಿಯಿತು. “ಯಕ್ಕಾ, ಕಾಲ ಹಿಡಿ ಬಾ!” ಎಂದು ಪ್ರಭುರಾಜ ಒದರಿದ.

ಜಂಬಮ್ಮ ಬಾರುಕೋಲನ್ನೇ ಕಸಿದು ಅವನ ಮುಖಕ್ಕೆ ಬೀಸಿದಳು. ಅವನು ಬಿದ್ದ. ಬಿದ್ದವನನ್ನೂ ಬಿಡಲಿಲ್ಲ, ಕೈ, ಕುತ್ತಿಗೆ, ತಲೆ ನೋಡದೆ ಬಾರಿಸಿದಳು. ಹೊಡೆಯುವುದು ಇಷ್ಟು ಹಿತವಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ. ಪ್ರಭುರಾಜ ಮುಖ ಮುಚ್ಚಿಕೊಂಡು ಮುದುಡಿದ.

ಗುರುಸಿದ್ದ ತೆವಳಿಕೊಂಡು ಬಂದು ಅಣ್ಣನ ಮೇಲೆ ಅಡ್ಡ ಬಿದ್ದ.

“ಹೊಡಿಬ್ಯಾಡ ಯಕ್ಕಾ. ಅಣ್ಣ ಅಂಜ್ಯಾನ.”

ಬೀಸಿದ ಕೈಯನ್ನು ಜಂಬಮ್ಮನಿಗೆ ತಡೆಯಲಾಗಲಿಲ್ಲ. ಆ ಏಟೂ ಗುರುಸಿದ್ದನ ಬೆನ್ನಿಗೇ ಬಿತ್ತು.