ಪೋಸ್ಟಣ್ಣನ ವೆಬ್‌ಸೈಟು

ಅವರ ಅಂಗಿಯ ಕಾಲರು ಹಿಂಬದಿಯಲ್ಲಿ ಯಾವಾಗಲೂ ಜಗ್ಗಿಕೊಂಡೇ ಇರುತ್ತಿತ್ತು. ಮಳೆಗಾಲವಿರಲಿ ಬೇಸಿಗೆಯಿರಲಿ, ಉದ್ದ ಕೊಡೆಯ ಹಿಡಿಯನ್ನು ಅಲ್ಲಿಗೆ ಸಿಕ್ಕಿಸಿ ಬೆನ್ನ ಮೇಲೆ ಇಳಿಬಿಡುತ್ತಿದ್ದರು. ಎರಡು ಕೈಯೂ ಕಾಗದಗಳಿಗೆ ಬೇಕಲ್ಲ. ಗುಡ್ಡ ಇಳಿದು ಬರುವಾಗ ಕೊಡೆಯ ತುದಿ ಕಾಲಿಗೆ ಬಡಿಯುವ ಸದ್ದು ಕೇಳಿದರೆ ಸಾಕು, ನಮ್ಮ ನಾಯಿ ಬೊಗಳುವುದನ್ನು ನಿಲ್ಲಿಸಿ ಬಾಲ ಆಡಿಸುತ್ತ ಮೆಟ್ಟಿಲ ಬಳಿಗೆ ಹೋಗಿ ನಿಲ್ಲುತ್ತಿತ್ತು.

ಬೆಳ್ಳೂರಿನ ಕಡೆಯ ಗುಡ್ಡಗಳಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕಾಗದ ಹಂಚಿದವರು ಅವರು. ಊರಿಗೆಲ್ಲ ಪೋಸ್ಟಣ್ಣ. ನನ್ನ ಅಮ್ಮನಿಗೂ ಪೋಸ್ಟಣ್ಣ, ನನಗೂ ಪೋಸ್ಟಣ್ಣ. ಬಾಗಿಲ ಸಂದಿಗೆ ಕಾಗದ ತುರುಕಿ ಹೋದವರಲ್ಲ. ಮನೆಯವರು ತೋಟದಲ್ಲಿದ್ದರೆ ತೋಟಕ್ಕೇ ಇಳಿಯುವರು. ಕಾಗದ ಮನೆಗೆ ಬರುವುದಲ್ಲ, ಜನಕ್ಕೆ ಬರುವುದು ಎನ್ನುತ್ತಿದ್ದರು. ಕೊಡುವ ಮೊದಲು ವಿಳಾಸವನ್ನು ಗಟ್ಟಿಯಾಗಿ ಓದುವುದು ಅವರ ಅಭ್ಯಾಸ. ಹೆಸರನ್ನು ಬೇಗ ಓದಿ ಮುಗಿಸಿ, ಜಾಗದ ಹೆಸರಿಗೆ ಬಂದಾಗ ನಿಧಾನವಾಗುತ್ತಿದ್ದರು. ತುಳು ಮಾತಾಡುವ ಮನೆಯಲ್ಲಿ ಅದೇ ಹೆಸರನ್ನು ತುಳುವಿನಲ್ಲಿ ಹೇಳುವ ಹಾಗೆ ಹೇಳುವರು, ಬ್ಯಾರಿ ಮುಸ್ಲಿಮರ ಮನೆಯಲ್ಲಿ ಅವರು ಹೇಳುವ ಹಾಗೆ. "ಜಾಗ ಒಂದೇ. ಕರೆಯುವ ಬಾಯಿ ನಾಲ್ಕು ಉಂಟು. ನಾಲ್ಕೂ ಸರಿಯೇ" ಎಂದು ಒಮ್ಮೆ ನನಗೆ ಹೇಳಿದ್ದರು.

ನಾನು ಡಿಗ್ರಿ ಮುಗಿಸಿದ ವರ್ಷ ಒಂದು ಗುಮಾಸ್ತೆಯ ಕೆಲಸಕ್ಕೆ ಅರ್ಜಿ ಹಾಕಿದ್ದೆ. ಸಂದರ್ಶನದ ಕಾಗದ ಬರಲಿಲ್ಲ. ಬಂದಿತ್ತು, ನನಗೆ ತಲುಪಲಿಲ್ಲ ಎನ್ನುವುದು ಆಮೇಲೆ ತಿಳಿಯಿತು. ಅರ್ಜಿಯಲ್ಲಿ ನಾನು ಬರೆದಿದ್ದ ನಮ್ಮ ಜಾಗದ ಹೆಸರು, ಕುಂಟಾಲಮೂಲೆ, ಯಾವುದೋ ಪಟ್ಟಿಯಿಂದ ಪಟ್ಟಿಗೆ ಹೋಗುತ್ತ ಕುಂದಮಲ ಎಂದಾಗಿತ್ತು. ಪೋಸ್ಟಣ್ಣ ಇದ್ದಿದ್ದರೆ ನನ್ನ ಹೆಸರು ನೋಡಿಯೇ ತಂದುಕೊಡುತ್ತಿದ್ದರು. ಆದರೆ ಅವರು ಆ ವಾರ ಹೆಂಡತಿಯ ಆಪರೇಷನ್ನಿಗೆಂದು ಮಂಗಳೂರಿನಲ್ಲಿದ್ದರು. ಬದಲಿಗೆ ಬಂದವನು ಹೊಸಬ. ಅಂಥ ಜಾಗ ಇಲ್ಲ ಎಂದು ಬರೆದು ಕಾಗದವನ್ನು ಹಿಂದಕ್ಕೆ ಕಳಿಸಿದ್ದ.

ರಜೆ ಮುಗಿಸಿ ಬಂದ ದಿನವೇ ಪೋಸ್ಟಣ್ಣ ನಮ್ಮ ಮನೆಗೆ ಬಂದರು. ಕೈಯಲ್ಲಿ ಕಾಗದ ಇರಲಿಲ್ಲ. ಜಗಲಿಯಲ್ಲಿ ಕೂತು, ಅಮ್ಮ ಕೊಟ್ಟ ನೀರು ಬೆಲ್ಲವನ್ನು ಮುಟ್ಟದೆ, ನಡೆದದ್ದನ್ನು ಹೇಳಿದರು. ಸಂದರ್ಶನದ ದಿನ ಕಳೆದು ನಾಲ್ಕು ದಿನವಾಗಿತ್ತು. ನಾನು ಒಳಗಿನಿಂದ ಕೇಳುತ್ತಿದ್ದೆ. ನನ್ನನ್ನು ಕರೆದರು.

"ಹೋಗುವ ಮೊದಲು ಆ ಹುಡುಗನಿಗೆ ಜಾಗಗಳ ಹೆಸರು ಬರೆದು ಕೊಡಬೇಕಿತ್ತು ನಾನು. ಕೊಡಲಿಲ್ಲ. ತಪ್ಪು ನನ್ನದು ಮಗಳೇ."

ಅಮ್ಮ, ನಿಮ್ಮದೆಂತ ತಪ್ಪು ಪೋಸ್ಟಣ್ಣ ಎಂದು ಸಮಾಧಾನ ಹೇಳಿದರು. ನಾನು ಒಳಗೆ ಹೋಗಿಬಿಟ್ಟೆ. ಕೆಲವು ವರ್ಷ ಅವರ ಮೇಲೆ ಸಣ್ಣದೊಂದು ಸಿಟ್ಟು ಇಟ್ಟುಕೊಂಡೇ ಇದ್ದೆ. ಅವರು ಮಾತ್ರ ಆ ವಾರದಿಂದ ಉದ್ದ ನೋಟ್‌ಬುಕ್ಕಿನಲ್ಲಿ ಜಾಗದ ಹೆಸರುಗಳನ್ನು ಬರೆಯಲು ತೊಡಗಿದರು. ಹೆಸರು, ಯಾರು ಹೇಗೆ ಕರೆಯುತ್ತಾರೆ, ಯಾಕೆ ಆ ಹೆಸರು, ಹೇಳಿದವರು ಯಾರು. ಒಂದು ಜಾಗಕ್ಕೆ ಎರಡು ಕತೆಯಿದ್ದರೆ ಎರಡನ್ನೂ ಬರೆಯುವರು. ಯಾವುದು ನಿಜ ಎಂದು ತೀರ್ಮಾನ ಮಾಡಲಿಕ್ಕೆ ನಾನು ಯಾರು ಎನ್ನುವರು.

ನಾನು ಬದಿಯಡ್ಕದ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ಸೆಂಟರ್ ಹಾಕಿದೆ. ಝೆರಾಕ್ಸ್, ಆನ್‌ಲೈನ್ ಅರ್ಜಿ, ಮದುವೆ ಕಾಗದ. ಆಮೇಲೆ ಸಣ್ಣ ಅಂಗಡಿಗಳಿಗೆ ವೆಬ್‌ಸೈಟು ಮಾಡಿಕೊಡುವುದನ್ನೂ ಕಲಿತೆ. ತಿಂಗಳಿಗೋ ವರ್ಷಕ್ಕೋ ಇಷ್ಟು ಎಂದು ಕಟ್ಟಿದರೆ ಜಾಗವನ್ನೂ ಚೌಕಟ್ಟನ್ನೂ ಅವರೇ ಕೊಡುವ ಕಂಪೆನಿಗಳಿವೆ, ನಾವು ಅಕ್ಷರ ಚಿತ್ರ ತುಂಬಿದರೆ ಆಯಿತು. ನಿವೃತ್ತಿಯಾದ ಮರುತಿಂಗಳು ಪೋಸ್ಟಣ್ಣ ನಾಲ್ಕು ನೋಟ್‌ಬುಕ್ಕು ಹಿಡಿದುಕೊಂಡು ಬಂದರು. ಫೋನಿನಲ್ಲಿ ಮುದುಕ ಮುದುಕಿಯರ ದನಿಯೂ ಇತ್ತು. ಪುಸ್ತಕ ಮಾಡಿದರೆ ಹೆಸರಿನ ಉಚ್ಚಾರ ಗೊತ್ತಾಗುವುದಿಲ್ಲ, ಜನ ಕಿವಿಯಿಂದ ಕೇಳಬೇಕು ಎಂದರು.

ನಾನು ಒಂದು ಹಾಳೆಯಲ್ಲಿ ಗೆರೆ ಎಳೆದು ಪ್ಲಾನುಗಳನ್ನು ಬರೆದು ತೋರಿಸಿದೆ. ಬಿಟ್ಟಿಯದ್ದು ಬೇಡ ಎಂದು ಅವರೇ ಹೇಳಿದರು. ಪರೀಕ್ಷೆಗೆಂದು ಮಾಡಿದ ಪುಟದ ನೆತ್ತಿಯ ಮೇಲೆ, ನಾಗಬನದ ಹೆಸರಿನ ಮೇಲೆಯೇ, ಹೊಟ್ಟೆ ಕರಗಿಸುವ ಮದ್ದಿನ ಜಾಹೀರಾತು ಬಂದಿತ್ತು. ಅತಿ ದುಬಾರಿಯದ್ದೂ ಬೇಡ, ಅದು ಸಾಮಾನು ಮಾರುವವರಿಗೆ. ಉಳಿದದ್ದು ಎರಡು ಕಂಪೆನಿಗಳ ಮಧ್ಯಮ ದರದ ಪ್ಲಾನುಗಳು. ಒಂದು ಮೊದಲ ವರ್ಷಕ್ಕೆ ಸಾವಿರದ ಎಂಟುನೂರು. ಇನ್ನೊಂದು ಮೂರು ಸಾವಿರದ ಒಂಬೈನೂರು. ಇದರಲ್ಲಿ ಯೋಚಿಸಲಿಕ್ಕೆ ಏನಿದೆ ಎನ್ನುವ ಹಾಗೆ ನಾನು ಮೊದಲನೆಯದರ ಮೇಲೆ ಪೆನ್ನು ಇಟ್ಟೆ.

"ಎರಡನೇ ವರ್ಷಕ್ಕೆ ಎಷ್ಟು?" ಎಂದರು.

ನನ್ನಲ್ಲಿ ಅದನ್ನು ಕೇಳಿದ ಮೊದಲ ಗಿರಾಕಿ ಅವರು. ನೋಡಿ ಹೇಳಿದೆ: ಮೊದಲನೆಯದು ಎರಡನೇ ವರ್ಷದಿಂದ ಇಮ್ಮಡಿ, ಇನ್ನೊಂದು ಎಲ್ಲ ವರ್ಷವೂ ಒಂದೇ. ಅವರು ಹಾಳೆಯ ಮೂಲೆಯಲ್ಲಿ ಮೂರು ವರ್ಷದ ಲೆಕ್ಕ ಹಾಕಿದರು. ಒಂಬತ್ತು ಸಾವಿರ, ಹನ್ನೊಂದು ಸಾವಿರದ ಏಳುನೂರು.

"ಎರಡು ಸಾವಿರದ ಏಳುನೂರು ಹೆಚ್ಚು. ಆ ಹೆಚ್ಚಿಗೆ ಅವರು ಎಂತ ಕೊಡ್ತಾರೆ?"

ಅವರಿಗೆ ಈ ಲೆಕ್ಕ ಹೊಸತಲ್ಲ. ಸಾದಾ ಕಾಗದ, ರಿಜಿಸ್ಟರು, ಇನ್ಶೂರು, ಯಾವುದಕ್ಕೆ ಎಷ್ಟು ಹೆಚ್ಚು, ಆ ಹೆಚ್ಚಿಗೆ ಏನು ಸಿಗುತ್ತದೆ ಎಂದು ಜೀವಮಾನವಿಡೀ ಜನರಿಗೆ ಹೇಳಿದವರು. ನನಗೂ ಉತ್ತರ ಗೊತ್ತಿತ್ತು. ಎರಡನೇ ಕಂಪೆನಿಯಲ್ಲಿ ತಿಂಗಳಿಗೊಮ್ಮೆ ಇಡೀ ಸೈಟಿನ ಪ್ರತಿಯನ್ನು ನಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳಬಹುದು, ಬಿಡುವುದಾದರೆ ಎಲ್ಲವನ್ನೂ ಹೊರಗೆ ತೆಗೆಯಬಹುದು ಎಂದು ಬರೆದಿತ್ತು. ಮೊದಲನೆಯದರಲ್ಲಿ ಅಂಥ ಸಾಲು ಕಾಣಲಿಲ್ಲ. ಆದರೆ ಮೊದಲನೆಯದು ನನಗೆ ಪಳಗಿದ್ದು. ಇನ್ನೊಂದನ್ನು ಹೊಸದಾಗಿ ಕಲಿಯಬೇಕು. ಹೊರಗೆ ಕಾಲೇಜು ಸೇರುವ ಅರ್ಜಿಗಳಿಗೆ ಜನ ಸಾಲುಗಟ್ಟಿದ್ದರು. ಅಂಥದ್ದೇನೂ ಇಲ್ಲ ಪೋಸ್ಟಣ್ಣ ಎಂದೆ.

ಅವರು ಹಾಳೆಯನ್ನು ಮಡಚಿ ಕಿಸೆಗೆ ಹಾಕಿಕೊಂಡು, ಎದ್ದು, ಮತ್ತೆ ಕೂತರು. "ನಾಳೆ ಬೇಡ ಅಂತ ಆದರೆ ನಮ್ಮದನ್ನು ನಾವು ತೆಗೆದುಕೊಂಡು ಬರಬಹುದಾ?"

"ಹೂಂ, ಬರಬಹುದು" ಎಂದೆ. ಸಾಲಿನಲ್ಲಿ ಮುಂದೆ ನಿಂತವರ ಕಾಗದಕ್ಕೆ ಕೈ ಚಾಚಿಯೂ ಆಗಿತ್ತು.

ಮೊದಲನೇ ಕಂಪೆನಿಯಲ್ಲೇ ಸೈಟು ಮಾಡಿದೆವು. ಎರಡು ವರ್ಷ ಮಂಗಳವಾರ ಮತ್ತು ಶುಕ್ರವಾರ ಮಧ್ಯಾಹ್ನದ ಬಸ್ಸಿಗೆ ಅವರು ಬರುತ್ತಿದ್ದರು. ಅವರು ಹೇಳುವುದು, ನಾನು ಟೈಪು ಮಾಡುವುದು. ಸೌದೆ ಹೊತ್ತು ಇಳಿಯುವ ಹೆಂಗಸರು ಹೊರೆ ಇಳಿಸಿ ಕೂರುತ್ತಿದ್ದ ಹೆಣ್ಣುಮಕ್ಕಳ ಕಟ್ಟೆ. ಅಡೂರಿನ ಕಡೆಯ ಒಬ್ಬ ಅಜ್ಜ ಹಾಡಿನ ಹಾಗೆ ಎಳೆದು ಹೇಳುತ್ತಿದ್ದ ಹನ್ನೆರಡು ಗದ್ದೆಗಳ ಹೆಸರು. ಉಪ್ಪಿನ ಕಡವು ಎಂಬಲ್ಲಿ ಉಪ್ಪಿನ ಚೀಲ ಹೊತ್ತು ಹೊಳೆ ದಾಟುತ್ತಿದ್ದವರ ಕತೆಯನ್ನು ಹೇಳಿದ್ದು ಒಬ್ಬ ಬ್ಯಾರಿ ಅಜ್ಜಿ. ಕತೆಯ ನಡುವೆ ಆಕೆ, ಚಾ ತಣಿಯಿತು, ಕುಡಿ ಎಂದು ಪೋಸ್ಟಣ್ಣನನ್ನು ಗದರಿಸಿದ್ದೂ ದಾಖಲಾಗಿತ್ತು. ಅದನ್ನು ಕತ್ತರಿಸಲೇ ಎಂದು ಕೇಳಿದೆ. ಬೇಡ, ಅದು ಇದ್ದರೇ ಅವರು ಎಂದರು.

ಒಟ್ಟು ಐವತ್ತಮೂರು ದನಿ. ಅವರ ಫೋನು ತುಂಬಿ ನಿಂತುಹೋಗುತ್ತಿತ್ತು. ಸೈಟಿನಲ್ಲಿ ಉಂಟಲ್ಲ, ಫೋನಿನಲ್ಲಿ ಇನ್ನು ಯಾಕೆ ಎಂದು ನಾನೇ ಅಲ್ಲಿಂದ ಎಲ್ಲವನ್ನೂ ಅಳಿಸಿಕೊಟ್ಟೆ.

ಮೂರನೇ ವರ್ಷದ ಹಣವನ್ನು ಅವರು ಒಂದು ತಿಂಗಳು ಮೊದಲೇ ತಂದುಕೊಟ್ಟಿದ್ದರು. ಕಂಪೆನಿಗೆ ಅದು ತಾನಾಗಿ ನನ್ನ ಕಾರ್ಡಿನಿಂದ ಹೋಗಬೇಕಿತ್ತು. ಕಾರ್ಡು ಬದಲಾಗಿತ್ತು; ಹೋಗಲಿಲ್ಲ. ಎಚ್ಚರಿಕೆಗಳು ಒಂದರ ಮೇಲೊಂದು, ಸೈಟಿಗೆಂದೇ ನಾನು ತೆರೆದಿದ್ದ ಇಮೇಲಿಗೆ ಬಂದು ಬಿದ್ದವು. ಅದನ್ನು ನಾನು ತಿಂಗಳುಗಟ್ಟಲೆ ನೋಡಿರಲಿಲ್ಲ. ಕಂಪೆನಿಯವರು ಸೈಟನ್ನು ಬಿಟ್ಟಿ ಪ್ಲಾನಿಗೆ ಇಳಿಸಿದರು. ಬಿಟ್ಟಿ ಪ್ಲಾನಿನಲ್ಲಿ ದನಿಗೆ ಜಾಗವಿಲ್ಲ. ಹೇಳಿದಷ್ಟು ದಿನ ಕಾದು ಅಳಿಸಿಬಿಟ್ಟರು.

ನನಗೆ ಇದು ತಿಳಿದದ್ದು ಪೋಸ್ಟಣ್ಣನ ಬಾಯಿಯಿಂದಲೇ. ಬ್ಯಾರಿ ಅಜ್ಜಿ ಆ ವರ್ಷ ತೀರಿಕೊಂಡಿದ್ದರು. ದುಬೈಯಲ್ಲಿರುವ ಅವರ ಮಗಳು, ಉಮ್ಮನ ದನಿ ಕೇಳಲು ಹೋದರೆ ಬರುವುದಿಲ್ಲ ಎಂದು ಪೋಸ್ಟಣ್ಣನಿಗೆ ಫೋನು ಮಾಡಿದ್ದರು. ನಾನು ಅವರೆದುರಿಗೇ ಇಮೇಲು ತೆರೆದೆ. ನೋಡಿದೆ. ಪರದೆಯನ್ನು ನನ್ನ ಕಡೆಗೆ ತಿರುಗಿಸಿಕೊಂಡೆ.

ಕಂಪೆನಿಯವರ ಮಿಷನು ಹಾಳಾಗಿದೆ, ಅವರದ್ದೇ ತಪ್ಪು ಎಂದೆ.

ಅವರು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ಕೂತರು. ಆಮೇಲೆ, ಹಾಗಾದರೆ ಅವರಿಗೆ ಒಂದು ಕಾಗದ ಬರೆಯುವ ಎಂದರು. ಅವರು ಕನ್ನಡದಲ್ಲಿ ಹೇಳಿದ್ದನ್ನು ನಾನು ಇಂಗ್ಲಿಷಿಗೆ ಮಾಡಿದೆ. ಬೈಗುಳ ಇರಲಿಲ್ಲ ಅದರಲ್ಲಿ. "ಐವತ್ತಮೂರು ಮಂದಿಯ ದನಿ ನಿಮ್ಮಲ್ಲಿ ಇಟ್ಟಿದ್ದೆವು. ಅವರಲ್ಲಿ ಹದಿನಾಲ್ಕು ಮಂದಿ ಈಗ ಇಲ್ಲ. ದಯವಿಟ್ಟು ಇನ್ನೊಮ್ಮೆ ಹುಡುಕಿ ನೋಡಿ." ಪ್ರಿಂಟು ತೆಗೆದು ತೋರಿಸಿದೆ. ಓದಿ ತಲೆಯಾಡಿಸಿದರು. ಕಳಿಸಿದೆ ಎಂದೆ. ಕಳಿಸಲಿಲ್ಲ. ಕಳಿಸಿದರೆ, ಹಣ ಕಟ್ಟದೆ ಇದ್ದದ್ದು ನೀವೇ ಎಂಬ ಉತ್ತರ ಬರುತ್ತದೆ ಎಂದು ನನಗೆ ಗೊತ್ತಿತ್ತು. ಅವರು ಕೊಟ್ಟ ಹಣ ಸೆಂಟರಿನ ಖರ್ಚಿನಲ್ಲಿ ಸೇರಿಹೋಗಿತ್ತು.

ಮುಂದಿನ ಶುಕ್ರವಾರ ಬಂದು, ಉತ್ತರ ಬಂತಾ ಎಂದು ಕೇಳಿದರು. ಇಲ್ಲ ಎಂದೆ. ಅದರ ಮುಂದಿನ ಶುಕ್ರವಾರವೂ ಕೇಳಿದರು. ಆರೇಳು ತಿಂಗಳು ಹೀಗೇ ನಡೆಯಿತು. ಎಷ್ಟೋ ಮನೆಗಳ ಅಂಗಳದಲ್ಲಿ, ಕಾಗದ ಬಂತಾ ಎಂದು ಕೇಳಿದವರಿಗೆ ಬರ್ತದೆ, ನಾಳೆ ಬರ್ತದೆ ಎಂದು ಹೇಳಿದ ಮನುಷ್ಯ, ನಾನು ಕಳಿಸದೇ ಇದ್ದ ಕಾಗದದ ಉತ್ತರಕ್ಕೆ ನನ್ನ ಅಂಗಡಿಯ ಸ್ಟೂಲಿನಲ್ಲಿ ಕಾಯುತ್ತಿದ್ದರು. ಒಂದೊಂದು ಸಲ ಹೇಳಿಬಿಡುವ ಎಂದು ಬಾಯಿ ತೆರೆಯುತ್ತಿದ್ದೆ. ಯಾರಾದರೂ ಝೆರಾಕ್ಸಿಗೆ ಬರುತ್ತಿದ್ದರು. ಬಾರದಿದ್ದರೂ ನಾನು ಹೇಳುತ್ತಿರಲಿಲ್ಲವೇನೋ.

ಕಾಯುತ್ತ ಅವರು ಸುಮ್ಮನೆ ಕೂರಲಿಲ್ಲ. ಬದುಕಿ ಉಳಿದವರ ಮನೆಗಳಿಗೆ ಮತ್ತೊಮ್ಮೆ ನಡೆಯತೊಡಗಿದರು. ಆಗ ಅವರಿಗೆ ಅರವತ್ತೆಂಟು ದಾಟಿತ್ತು, ಮೊಣಕಾಲು ಬಾತಿತ್ತು. ಹನ್ನೆರಡು ಗದ್ದೆಗಳ ಹೆಸರು ಹೇಳಿದ್ದ ಅಜ್ಜನಲ್ಲಿಗೆ ಹೋಗುವಾಗ, ಭಾನುವಾರ ಉಂಟಲ್ಲ, ನೀನೂ ಬಾ, ರೆಕಾರ್ಡು ಸರಿಯಾಗಿ ಮಾಡುವ ಎಂದು ಕರೆದರು. ಕೆಲಸ ಇದೆ ಎಂದೆ. ಕೆಲಸ ಇರಲಿಲ್ಲ. ಒಂದು ದಿನವಿಡೀ ಅವರ ಜೊತೆ ನಡೆಯುವ ಧೈರ್ಯ ಇರಲಿಲ್ಲ.

ಕಳೆದ ಮಳೆಗಾಲದ ಕೊನೆಗೆ ಅವರಿಗೆ ಜ್ವರ ಬಂತು. ಮಂಗಳೂರಿಗೆ ಕರೆದುಕೊಂಡು ಹೋದ ಮೂರನೇ ದಿನ ಹೋಗಿಬಿಟ್ಟರು.

ಹದಿಮೂರನೇ ದಿನದ ಕ್ರಿಯೆ ಕಳೆದ ಮೇಲೆ ನಾನು ಅವರ ಮನೆಗೆ ಹೋದೆ. ಅವರ ಹೆಂಡತಿಯ ಮುಂದೆ ಎಲ್ಲವನ್ನೂ ಹೇಳಿದೆ, ಕಾರ್ಡಿನದ್ದು, ಇಮೇಲಿನದ್ದು, ಕಳಿಸದ ಕಾಗದದ್ದು. ಮೂರನೇ ವರ್ಷದ ಹಣವನ್ನು ಲಕೋಟೆಯಲ್ಲಿ ಹಾಕಿ ತಂದಿದ್ದೆ. ಅವರು ಲಕೋಟೆಯನ್ನು ಮುಟ್ಟಲಿಲ್ಲ. ನನಗೆ ಆಶ್ಚರ್ಯವಾಗುವಷ್ಟು ಸಮಾಧಾನದಿಂದ ಕೇಳಿಸಿಕೊಂಡರು.

"ಅವರಿಗೆ ಗೊತ್ತಿತ್ತು. ಆ ಕಾಗದ ಹೋಗಲಿಲ್ಲ ಅಂತ ಅದೇ ದಿನ ಮನೆಗೆ ಬಂದು ಹೇಳಿದ್ದರು. ಕಾಗದ ಹಾಕಿ ಬಂದವರ ಮುಖ ನನಗೆ ಗೊತ್ತಿಲ್ವಾ ಅಂತ."

ಹಾಗಾದರೆ ವಾರ ವಾರ ಬಂದು ಯಾಕೆ ಕೇಳುತ್ತಿದ್ದರು ಅಕ್ಕಾ ಎಂದೆ.

"ನಾನೂ ಅದನ್ನೇ ಕೇಳಿದ್ದೆ. ಅವಳಾಗಿ ಹೇಳಲಿ, ನಾನು ಹೇಳಿಸಬಾರದು. ಹೇಳಿದರೆ ಅವಳಿಗೆ ಹಗುರ ಆಗ್ತದೆ ಅಂತ ಹೇಳಿದರು."

ಅವರು ನನಗೆ ಆರೇಳು ತಿಂಗಳು ಬಾಗಿಲು ತೆರೆದಿಟ್ಟು ಕೂತಿದ್ದರು. ಪ್ರತಿ ಶುಕ್ರವಾರ, ಮಧ್ಯಾಹ್ನದ ಬಸ್ಸಿಗೆ, ಬಾತ ಕಾಲಿನಲ್ಲಿ ಬಂದು. ನಾನು ಪ್ರತಿ ಸಲವೂ ಇಲ್ಲ ಎಂದೆ. ಇದನ್ನು ಬರೆಯುವಾಗಲೂ ನನಗೆ ಆ ಸ್ಟೂಲನ್ನು ನೋಡಲಾಗುವುದಿಲ್ಲ. ಅಂಗಡಿಯಿಂದ ತೆಗೆಯಲೂ ಆಗುವುದಿಲ್ಲ.

ದುಬೈಯಲ್ಲಿರುವ ಆ ಮಗಳಿಗೆ ಫೋನು ಮಾಡಿ ತಪ್ಪು ಯಾರದ್ದೆಂದು ಹೇಳಿದೆ.  ಅವರು, ಉಮ್ಮ ಚಾ ಕುಡಿ ಅಂತ ಹೇಳ್ತಿದ್ದರಲ್ಲ, ಅದನ್ನು ಕೇಳಲಿಕ್ಕೇ ನಾನು ತೆರೆಯುತ್ತಿದ್ದದ್ದು ಎಂದು ಫೋನಿಟ್ಟರು. ಸೈಟನ್ನು ಈಗ ಆ ಎರಡನೇ ಕಂಪೆನಿಗೆ ಸಾಗಿಸಿದ್ದೇನೆ. ನೋಟ್‌ಬುಕ್ಕುಗಳಿದ್ದದ್ದರಿಂದ ಬರಹ ಪೂರ್ತಿ ಉಂಟು. ದನಿ ಇಲ್ಲದ ಪುಟಗಳ ಕೆಳಗೆ, ಇಲ್ಲಿ ಹೇಳಿದವರ ದನಿಯಿತ್ತು, ಸೈಟು ನೋಡಿಕೊಳ್ಳುತ್ತಿದ್ದವಳ ಅಲಕ್ಷ್ಯದಿಂದ ಹೋಯಿತು ಎಂದು ಬರೆದು ನನ್ನ ಹೆಸರು ಹಾಕಿದ್ದೇನೆ. ಪ್ಲಾನು ಕೇಳಲು ಬರುವವರಿಗೆ ಎರಡನೇ ವರ್ಷದ ದರವನ್ನೂ, ಬಿಟ್ಟು ಹೋಗುವಾಗ ಏನು ಕೈಗೆ ಸಿಗುತ್ತದೆ ಎನ್ನುವುದನ್ನೂ ಅವರು ಕೇಳುವ ಮೊದಲೇ ಹೇಳುತ್ತೇನೆ.

ನಾನು ಲಕೋಟೆ ಕೊಂಡುಹೋದ ಆ ದಿನ ಅವರ ಹೆಂಡತಿ ಪೋಸ್ಟಣ್ಣನ ಫೋನನ್ನು ನನ್ನ ಕೈಯಲ್ಲಿಟ್ಟಿದ್ದರು. ಬಾತ ಕಾಲಿನಲ್ಲಿ ನಡೆದು ಎರಡನೇ ಸಲ ತೆಗೆದ ಹನ್ನೊಂದು ದನಿಗಳು ಅದರಲ್ಲಿದ್ದವು. ಹನ್ನೆರಡು ಗದ್ದೆಗಳ ಅಜ್ಜನಿಗೆ ಈಗ ಮರೆವು. ಐದನೇ ಗದ್ದೆಗೆ ನಿಂತುಬಿಡುತ್ತಾನೆ. ಏದುಸಿರಿನ ನಡುವೆ ಪೋಸ್ಟಣ್ಣ ಅವನಿಗೆ, "ಪುನಃ ಮೊದಲಿಂದ ಹೇಳುವ ಅಜ್ಜ. ನಿಧಾನಕ್ಕೆ. ನನಗೆ ಅವಸರ ಇಲ್ಲ" ಎನ್ನುತ್ತಿದ್ದಾರೆ.